ಹಡಗು ಬಿಡುವ ಮೊದಲು ಜನರನ್ನು ಕಾಪು ದೀಪಸ್ತಂಭದ ಮೇಲೆ ಹತ್ತಿಸಿದ್ದು

ಮಂಗಳೂರಿಗೆ ಬರುವ ಕ್ರೂಸ್ ಹಡಗಿನ ಪ್ರವಾಸಿಗರನ್ನು ಉಡುಪಿ ಬಳಿಯ ಕಾಪು ದೀಪಸ್ತಂಭಕ್ಕೆ ಕರೆದೊಯ್ಯುತ್ತೇನೆ ಅಂದಾಗ ಜೊತೆಯ ಗೈಡುಗಳೆಲ್ಲ ನಕ್ಕಿದ್ದರು. "ಹಡಗು ತಪ್ಪಿದ್ರೆ ನೀನೇ ಈಜಿಕೊಂಡು ಹೋಗಿ ಮುಟ್ಟಿಸ್ಬೇಕು ಮಾರಾಯ" ಅಂದ ಒಬ್ಬ. ಈ ಸೀಸನ್ನಲ್ಲಿ ಆರು ಟ್ರಿಪ್ ಮಾಡಿದೆ, ಒಂದೂ ತಡವಾಗಿಲ್ಲ.

ಮೊದಲು ಕೈ ಸುಟ್ಟುಕೊಂಡದ್ದು ನಿಜ. ಎಲ್ಲರ ಹಾಗೆ ಬೆಳಿಗ್ಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಆಮೇಲೆ ಕಾರ್ಕಳದ ಗೊಮ್ಮಟ ಮುಗಿಸಿ ಎರಡೂವರೆಗೆ ಕಾಪು ತಲುಪಿದೆ. ಗೇಟಿಗೆ ಬೀಗ! ಮೇಲೆ ಬಿಡುವುದು ಸಂಜೆ ಹೊತ್ತಲ್ಲವೇ. 38 ಜನ ಸುಡುವ ಮರಳಲ್ಲಿ ನಿಂತು ಫೋಟೊ ಹೊಡೆದು ವಾಪಸ್. ಏಜೆನ್ಸಿಯವರು ನನ್ನ ಲೆಕ್ಕದಲ್ಲಿ 10–11 ಸಾವಿರ ಮುರಿದುಕೊಂಡರು. ಎರಡನೇ ಸಲ ಸಂಜೆಗೇ ಹೋದೆ, ಆದರೆ ದೊಡ್ಡ ಬಸ್ಸಲ್ಲಿ. ಒಳಗಿನ ಸುತ್ತುಮೆಟ್ಟಿಲಲ್ಲಿ ಇಳಿಯುವವರಿಗೆ ಹತ್ತುವವರೇ ಅಡ್ಡ. ಅರ್ಧ ಜನ ಬುಡದಲ್ಲೇ ಉಳಿದರು. ಟಿಪ್ಸ್ ಐನೂರು ದಾಟಲಿಲ್ಲ.

ಆಮೇಲೆ ಎಲ್ಲ ಉಲ್ಟಾ ಮಾಡಿದೆ. ರಾತ್ರಿ ಬಿಡುವ ಹಡಗು ಮಾತ್ರ ಒಪ್ಪಿಕೊಳ್ಳುವುದು. ಊಟ ಹಡಗಲ್ಲೇ ಮುಗಿಸಿಸಿ ಮೂರಕ್ಕೆ ಪಣಂಬೂರು ಬಂದರು ಬಿಡುವುದು. ದಾರಿ 30 ಕಿಲೋಮೀಟರ್ ಚಿಲ್ಲರೆ. ಬಸ್ಸಿನ ಬದಲು ಎರಡು ಟೆಂಪೋ ಟ್ರಾವೆಲರ್. ಬಾಡಿಗೆ ಸುಮಾರು ಮೂರು ಸಾವಿರ ಹೆಚ್ಚಾಯಿತು, ಹೆಜಮಾಡಿಯಲ್ಲಿ ಟೋಲೂ ಎರಡೆರಡು ಸಲ. ಆದರೆ ಒಂದು ಗಾಡಿಯವರು ಮೇಲಿದ್ದಾಗ ಇನ್ನೊಂದು ಗಾಡಿಯವರು ಸಮುದ್ರದಲ್ಲಿ ಕಾಲು ನೆನೆಸುತ್ತಿರುತ್ತಾರೆ. ಎಂಟೆಂಟು ಜನ ಹತ್ತಿದರೆ ನೂಕುನುಗ್ಗಲಿಲ್ಲ. ಮಂಡಿನೋವಿನ ಅಜ್ಜ ಅಜ್ಜಿಯರು ಬೇಜಾರಾಗದೆ ಕೆಳಗೇ ಕೂರುವ ಹಾಗೆ ಏನು ಹೇಳುತ್ತೇನೆ ಎಂಬುದು ನನ್ನಲ್ಲೇ ಇರಲಿ. ಹೊಟ್ಟೆಪಾಡು.

ಮೇಲೆ ಹೋದ ಮೇಲೆ ನನ್ನ ಮಾತು ಕಡಿಮೆ. 1901ರ ಗೋಪುರ, ಎತ್ತರ 27 ಮೀಟರ್, ಕೆಳಗಿನ ಬಂಡೆಯ ಎತ್ತರವೂ ಸೇರಿ ಸುಮಾರು 20 ಕಿಲೋಮೀಟರ್ ದೂರದ ಸಮುದ್ರದ ಅಂಚು ಕಾಣುತ್ತದೆ. ಅಷ್ಟೇ. ಗಾಳಿಗೆ ಟೋಪಿ ಹಿಡಿದುಕೊಳ್ಳುವುದರಲ್ಲೇ ಅವರಿಗೆ ಸಾಕಾಗಿರುತ್ತದೆ.

ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಕಳಿಸುವ, ಉಂಗುರ ಉಂಗುರವಾಗಿರುವ ಫ್ರೆಸ್ನೆಲ್ ಮಸೂರ ವಿವರಿಸಲು ಇನ್ನೊಂದು ಕಸರತ್ತು ಮಾಡಿದೆ. ಪುಸ್ತಕದ ಅಕ್ಷರ ದೊಡ್ಡದಾಗಿ ಕಾಣಿಸುವ ತೆಳು ಪ್ಲಾಸ್ಟಿಕ್ ಹಾಳೆ ಬರುತ್ತದಲ್ಲ, ಅದರಲ್ಲಿರುವುದೂ ಅದೇ ಉಂಗುರದ ಗೀರುಗಳು. ಹಿಂದಿನಿಂದ ಟಾರ್ಚ್ ಬಿಟ್ಟು ತೋರಿಸಿದರೆ ಬಿಸಿಲಲ್ಲಿ ಏನೂ ಕಾಣಲಿಲ್ಲ. ಗಾಡಿಯ ಪರದೆ ಎಳೆದು ತೋರಿಸಿದೆ. ಚೆಲ್ಲಾಪಿಲ್ಲಿ ಬೆಳಕು ಒಟ್ಟಾಗಿ ನೇರ ಹೋಯಿತು, ಚಪ್ಪಾಳೆಯೂ ಬಿತ್ತು. ಆ ಹಾಳೆಯನ್ನು ಕಿಟಕಿ ಬದಿ ಬಿಸಿಲಿಗೆ ಮರೆತು ಸೀಟ್ ಕವರ್‌ಗೆ ತೂತು ಬಿದ್ದದ್ದು, ಡ್ರೈವರಿಗೆ ಎಂಟುನೂರು ತೆತ್ತದ್ದು ಬೇರೆ ಕಥೆ.

ಈಜಿಕೊಂಡು ಹೋಗು ಅಂದವನೇ ಮೊನ್ನೆ ಟೆಂಪೋದವನ ನಂಬರ್ ಕೇಳಿದ. ಕೊಟ್ಟೆ. ಮೂರೂವರೆಗೆ ಹೊರಟರೆ ಸುರತ್ಕಲ್‌ನ ಟ್ರಾಫಿಕ್‌ನಲ್ಲೇ ಸಿಕ್ಕಿಬೀಳುತ್ತೀ ಅಂತಲೂ ಹೇಳಿದೆ.