ಸಾಲಗಾಮೆ ರಸ್ತೆಯಲ್ಲಿ ನಿವೇಶನ ಕೊಳ್ಳುವ ಮುನ್ನ
ಹಾಸನದ ಸಾಲಗಾಮೆ ರಸ್ತೆಯಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಆಸುಪಾಸಿನ ದರ ಸುತ್ತಲಿನ ಬಡಾವಣೆಗಳನ್ನು ಮೀರಿದ್ದು ಕೇಳಿ ನನ್ನ ತಮ್ಮ ಹೌಹಾರಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದಲ್ಲಾಳಿ ಹೇಳುವುದು ಆಸೆಯ ದರ. ಅದೇ ಅಡ್ಡರಸ್ತೆಯಲ್ಲಿ ಈಚೆಗೆ ಮಾರಾಟವಾದದ್ದು ಎಷ್ಟಕ್ಕೆ ಎಂದು ಅಕ್ಕಪಕ್ಕದವರನ್ನು ಕೇಳಿ. 30x40 ಎಂದರೆ 1,200 ಚದರಡಿ. ಚದರಡಿಗೆ ನೂರು ರೂಪಾಯಿ ಇಳಿಸಿದರೂ 1.2 ಲಕ್ಷ ಉಳಿಯುತ್ತದೆ, ಚೌಕಾಸಿಗೆ ನಾಚಬೇಡಿ. ಸಂಜೆ ಏಳಕ್ಕೊಮ್ಮೆ ಹೋಗಿ ನೋಡಿ: ಮಹಡಿಗಳಲ್ಲಿ ದೀಪ ಉರಿಯುತ್ತಿದ್ದರೆ, ತಂತಿಯ ಮೇಲೆ ವಿದ್ಯಾರ್ಥಿಗಳ ಬಟ್ಟೆ ನೇತಾಡುತ್ತಿದ್ದರೆ ಬಾಡಿಗೆಯ ಬೇಡಿಕೆ ನಿಜ. ‘ಮನೆ ಬಾಡಿಗೆಗಿದೆ’ ಫಲಕಗಳೇ ಕಂಡರೆ ದರ ಬರೀ ಗಾಳಿ. ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ), ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಇದ್ದೇ ಇರಬೇಕು. ಕೊನೆಗೆ ಟೇಪನ್ನು ನೀವೇ ಹಿಡಿಯಿರಿ. ನನ್ನ ನಿವೇಶನದ ಒಂದೂವರೆ ಅಡಿ ಪಕ್ಕದವರ ಕಾಂಪೌಂಡಿನೊಳಗಿತ್ತು.