ಹಿತ್ತಿಲಿಗೆ ಬಂದ ಅಪರಿಚಿತ ಹಕ್ಕಿಯನ್ನು ಗುರುತಿಸುವ ಬಗೆ

ಮನೆಯ ಹತ್ತಿರ ಹೊಸ ಹಕ್ಕಿಯೊಂದು ಕಂಡಾಗ ಮೊಬೈಲ್ ತರಲು ಒಳಗೆ ಓಡುವ ಬದಲು, ಅದು ಹಾರಿಹೋಗುವ ಮುನ್ನ ನಿಂತಲ್ಲಿಯೇ ನಿಂತು ಕಣ್ತುಂಬ ನೋಡಿಕೊಳ್ಳುವುದು ಲೇಸು. ಮೊದಲು ಗಾತ್ರವನ್ನು ಗುಬ್ಬಿ, ಗೊರವಂಕ, ಪಾರಿವಾಳ, ಕಾಗೆಗಳೊಂದಿಗೆ ಹೋಲಿಸಿ. ಬಳಿಕ ಕೊಕ್ಕಿನ ಆಕಾರ, ಬಾಲದ ಉದ್ದ, ಕಣ್ಣಿನ ಬಣ್ಣಗಳನ್ನು ಗಮನಿಸಿ.

ಮೈಬಣ್ಣವೊಂದನ್ನೇ ನಂಬಬಾರದು. ಧಾರವಾಡದ ನಮ್ಮ ಮನೆಯ ಮಾವಿನ ಮರಕ್ಕೆ ಬರುತ್ತಿದ್ದ, ಕಂದು ಮೈಮೇಲೆ ಬಿಳಿ ಚುಕ್ಕೆಗಳಿದ್ದ, ಉದ್ದ ಬಾಲದ ಹಕ್ಕಿಯನ್ನು ನಾನು ಬಹುಕಾಲ ಯಾವುದೋ ಗಿಡುಗವೆಂದೇ ಭಾವಿಸಿದ್ದೆ. ಅದರ ಕೆಂಪು ಕಣ್ಣನ್ನೂ, ಗಿಡುಗದಂತೆ ಕೊಕ್ಕೆಯಾಗಿ ಬಾಗದ ಮಾಸಲು ಹಸಿರು ಕೊಕ್ಕನ್ನೂ ನೋಡಿದ ಮೇಲೆಯೇ ಅದು ಹೆಣ್ಣು ಕೋಗಿಲೆಯೆಂದು ತಿಳಿಯಿತು. ಕಪ್ಪಗಿರುವುದು ಗಂಡು, ‘ಕುಹೂ’ ಎಂದು ಕೂಗುವುದೂ ಅದೇ.

ಹಕ್ಕಿ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನೂ ಬರೆದಿಡಿ. ಜುಟ್ಟಿರುವ ಚಂದ್ರಮುಕುಟವನ್ನು ಹಲವರು ಮರಕುಟಿಗವೆನ್ನುತ್ತಾರೆ. ಆದರೆ ಚಂದ್ರಮುಕುಟವು ನೆಲದ ಮೇಲೆ ನಡೆಯುತ್ತ ಉದ್ದ ಕೊಕ್ಕಿನಿಂದ ಮಣ್ಣಿನೊಳಗಿನ ಹುಳುಗಳನ್ನು ಹುಡುಕುತ್ತದೆ, ಮರಕುಟಿಗವು ಕಾಂಡಕ್ಕೆ ಅಂಟಿಕೊಂಡು ಮೇಲೇರುತ್ತದೆ. ಈ ವಿವರಗಳೊಂದಿಗೆ ಊರು ಮತ್ತು ದಿನಾಂಕವನ್ನು ಮರ್ಲಿನ್ ಆ್ಯಪ್‌ಗೆ ನೀಡಿದರೆ ಸಂಭವನೀಯ ಹಕ್ಕಿಗಳ ಪಟ್ಟಿ ದೊರೆಯುತ್ತದೆ.

ಗೂಡು ಕಂಡರೆ, ಚಿತ್ರಕ್ಕಾಗಿಯಾದರೂ, ದಯವಿಟ್ಟು ಅದರ ಹತ್ತಿರ ಹೋಗಬೇಡಿ.