ಕುಸ್ವಾರ್ ಡಬ್ಬ ಖಾಲಿ ಮಾಡುವ ಬಗೆ: ಕ್ರಿಸ್‌ಮಸ್ ನಂತರದ ಮನೆಗೆಲಸ

ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಜನವರಿಯ ಮೊದಲ ವಾರ ಅಂದರೆ ಡಬ್ಬಗಳ ವಾರ. ನಾವೇ ಮಾಡಿದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ಇನ್ನೂ ಅರ್ಧ ಉಳಿದಿರುತ್ತದೆ. ಅದರ ಮೇಲೆ ನೆಂಟರು, ಸ್ನೇಹಿತರು ಕೊಟ್ಟ ಪೊಟ್ಟಣಗಳು. ಫ್ರಿಜ್‌ನಲ್ಲಿ ಮೂರು ಮನೆಗಳ ಕೇಕ್. ಒಲೆಯ ಪಕ್ಕ ಕರಿದ ಎಣ್ಣೆಯ ಬಾಣಲೆ, ಹಾಲ್‌ನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ, ಬಾಗಿಲ ಬಳಿ ಮುಂಬೈಗೋ ದುಬೈಗೋ ಹೊರಟವರ ಸೂಟ್‌ಕೇಸ್. ಎಲ್ಲಿಂದ ಶುರು ಮಾಡುವುದು?

ಬೇಗ ಕೆಡುವುದರಿಂದ. ಈ ಒಂದು ಲೆಕ್ಕ ಹಿಡಿದರೆ ಮಿಕ್ಕ ಕೆಲಸ ತಾನಾಗಿ ಸಾಲಿಗೆ ಬರುತ್ತದೆ. ಒಂದೇ ದಿನದಲ್ಲಿ ಎಲ್ಲ ಬಳಿದು ತೆಗೆಯುವ ಆತುರವೂ ಬೇಡ. ಚರ್ಚಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ಹಬ್ಬ ಶುರುವಾಗುವ ದಿನ. ಜನವರಿ 6ರಂದು, ನಮ್ಮ ಚರ್ಚುಗಳಲ್ಲಿ ಅದರ ಆಸುಪಾಸಿನ ಭಾನುವಾರ, ಮೂರು ರಾಜರ ಹಬ್ಬ. ಅದಾದ ಮೇಲೆ ಬರುವ ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಅಂದರೆ ಎರಡು ವಾರ ನಮ್ಮ ಕೈಯಲ್ಲಿದೆ.

1. ಎಲ್ಲ ಡಬ್ಬ ಬಿಚ್ಚಿ, ಮೂಸಿ ನೋಡಿ

ಊಟದ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಎಲ್ಲವನ್ನೂ ಸುರಿಯಿರಿ. ಬೇರೆ ಬೇರೆ ಮನೆಯ ತಿಂಡಿ ಒಂದೇ ಡಬ್ಬದಲ್ಲಿ ಸೇರಿದ್ದರೆ ಮೊದಲು ಬೇರ್ಪಡಿಸಿ. ಮೆತ್ತಗಿನ ಲಾಡಿನ ಜೊತೆ ಒಂದು ರಾತ್ರಿ ಕಳೆದ ಚಕ್ಕುಲಿ ಬೆಳಿಗ್ಗೆಗೆ ಚಕ್ಕುಲಿಯಾಗಿ ಉಳಿದಿರುವುದಿಲ್ಲ.

ಮೊದಲು ಮುಗಿಯಬೇಕಾದದ್ದು ಹಾಲು, ಹಸಿ ತೆಂಗಿನಕಾಯಿ ಬಿದ್ದ ತಿಂಡಿಗಳು. ಮಿಲ್ಕ್ ಕ್ರೀಮ್ ಮತ್ತು ರವೆ-ಕಾಯಿತುರಿಯ ಬಾಥ್ ಕೇಕ್ ಫ್ರಿಜ್‌ನಲ್ಲಿ ಇರಲಿ, ಒಂದೆರಡು ದಿನದಲ್ಲಿ ಖಾಲಿಯಾಗಲಿ. ಅವುಗಳ ನಂತರ ಕರಿಗಡುಬಿನಂಥ ನೆವ್ರಿ. ನೆವ್ರಿಯ ಹೊರಗಿನ ಪದರ ಗರಿಗರಿಯಾಗಿದ್ದರೂ ಒಳಗಿನ ಕೊಬ್ಬರಿ, ಎಳ್ಳು, ಗೋಡಂಬಿಯ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಒಂದನ್ನು ಮುರಿದು ಮೂಗಿನ ಹತ್ತಿರ ಹಿಡಿಯಿರಿ. ಕಮಟು ಬಂದಿದ್ದರೆ ಯಾವ ಓವನ್ನೂ ಅದನ್ನು ಸರಿ ಮಾಡದು, ಎಸೆಯಿರಿ. ಕಷ್ಟಪಟ್ಟು ಮಾಡಿದ್ದು ಅಂತ ಉಳಿಸಿ ಮನೆಯವರ ಹೊಟ್ಟೆ ಕೆಡಿಸುವುದು ಯಾಕೆ?

ಹೂವಿನ ಅಚ್ಚಿನಲ್ಲಿ ಕರಿದ ರೋಸ್ ಕುಕೀಸ್, ಶಂಕರಪೋಳಿಯಂಥ ತುಕ್ಡಿ, ಚಕ್ಕುಲಿಗೆ ಸ್ವಲ್ಪ ಸಮಯವಿದೆ. ಹಿಟ್ಟನ್ನು ಸುರುಳಿ ಮಾಡಿ ಕರಿದು ಪಾಕ ಹಾಕಿದ ಕಿಡಿಯೊ, ಗಟ್ಟಿಯಾಗಿ ಕಾಯಿಸಿದ ಪೇರಳೆ ಹಣ್ಣಿನ ಪೆರಾದ್, ರಮ್ ಕುಡಿದ ಪ್ಲಮ್ ಕೇಕ್ ಕೊನೆಯ ಸಾಲಿಗೆ. ಇವುಗಳಲ್ಲಿ ಕೆಲವನ್ನು ಸಕ್ಕರೆ ಕಾಯುತ್ತದೆ, ಕೇಕನ್ನು ರಮ್ ಕೂಡ ಕಾಯುತ್ತದೆ.

2. ಮೆತ್ತಗಾದದ್ದನ್ನು ಗರಿಗರಿ ಮಾಡಿ

ಕಡಲ ತೀರದ ಗಾಳಿಗೆ ಗರಿಗರಿ ತಿಂಡಿ ಕಂಡರೆ ಆಗದು. ಮೆತ್ತಗಾಗಿದೆ, ಆದರೆ ವಾಸನೆ ಚೆನ್ನಾಗಿದೆ ಅಂದರೆ ಒಳಗೆ ತೇವ ಸೇರಿದೆ ಅಷ್ಟೆ. ಓವನ್ 120 ಡಿಗ್ರಿಗೆ ಬಿಸಿ ಮಾಡಿ, ಟ್ರೇ ಮೇಲೆ ಒಂದೇ ಪದರದಲ್ಲಿ ಹರಡಿ, 8ರಿಂದ 10 ನಿಮಿಷ ಇಡಿ. ರೋಸ್ ಕುಕೀಸ್ ತೆಳ್ಳಗಿರುವುದರಿಂದ 5 ನಿಮಿಷಕ್ಕೇ ನೋಡಿ. ಪಾಕ ಹಾಕಿದ ಕಿಡಿಯೊಗೆ 100 ಡಿಗ್ರಿ ಸಾಕು, ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಇಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆ ಕಾಯಿಸಿ, ಉರಿ ಆರಿಸಿ, ತಿಂಡಿ ಹಾಕಿ ಕೈಯಾಡಿಸಿ. ಜನವರಿ ಬಿಸಿಲು ಚುರುಕಾಗಿದ್ದರೆ ಅದೂ ಆದೀತು, ಕಾಗೆ ಕಾಯಲು ಒಬ್ಬರು ಬೇಕು.

ಟ್ರೇಯಿಂದ ತೆಗೆದ ಕೂಡಲೇ ಡಬ್ಬಕ್ಕೆ ತುಂಬಬೇಡಿ. ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ನೀರಾಡಿ ಮಾಡಿದ್ದೆಲ್ಲ ಸುಮ್ನೆ ಹೋಗುತ್ತದೆ.

3. ಕೇಕ್‌ಗೆ ಎರಡನೇ ಬದುಕು

ಪ್ಲಮ್ ಕೇಕ್ ಒಣಗಿದೆ ಅಂದರೆ ಕೆಟ್ಟಿದೆ ಎಂದಲ್ಲ. ಟೂತ್‌ಪಿಕ್‌ನಿಂದ ಅಲ್ಲಲ್ಲಿ ಚುಚ್ಚಿ ಎರಡು ಚಮಚ ರಮ್ ಸುರಿದು, ಬಟರ್ ಪೇಪರ್ ಸುತ್ತಿ, ಅದರ ಮೇಲೆ ಫಾಯಿಲ್ ಸುತ್ತಿಡಿ. ಎರಡು ದಿನದಲ್ಲಿ ಮೆತ್ತಗಾಗುತ್ತದೆ. ರಮ್ ಬೇಡವಾದರೆ ಹೋಳನ್ನು ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಯಲ್ಲಿಟ್ಟು ಬಿಸಿಬಿಸಿ ತಿನ್ನಿ. ನನ್ನ ಮಟ್ಟಿಗೆ ಡಿಸೆಂಬರ್ 25ರ ಕೇಕ್‌ಗಿಂತ ಇದೇ ರುಚಿ ಜಾಸ್ತಿ.

ಒಣಗಿದ ಸಾದಾ ಬೆಣ್ಣೆ ಕೇಕ್ ಇದ್ದರೆ ಕ್ಯಾರಮೆಲ್ ಪುಡಿಂಗ್ ಮಾಡಿ. ಅಲ್ಯುಮಿನಿಯಂ ಡಬ್ಬದಲ್ಲಿ ನಾಲ್ಕು ಚಮಚ ಸಕ್ಕರೆಯನ್ನು ಜೇನಿನ ಬಣ್ಣ ಬರುವವರೆಗೆ ಕರಗಿಸಿ ತಳಕ್ಕೆ ಹರಡಿ. 200 ಗ್ರಾಂ ಕೇಕ್ ಪುಡಿ ಮಾಡಿ 400 ಮಿಲಿ ಉಗುರುಬೆಚ್ಚಗಿನ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಮೂರು ಮೊಟ್ಟೆ, ಎರಡು ಚಮಚ ಸಕ್ಕರೆ, ಚಿಟಿಕೆ ಜಾಯಿಕಾಯಿ ಪುಡಿ ಸೇರಿಸಿ ಕಲಸಿ. ಕೇಕ್‌ನಲ್ಲೇ ಸಿಹಿ ಇರುವುದರಿಂದ ಇದಕ್ಕಿಂತ ಹೆಚ್ಚು ಸಕ್ಕರೆ ಬೇಡ. ಡಬ್ಬಕ್ಕೆ ಸುರಿದು, ಬಿಗಿಯಾಗಿ ಮುಚ್ಚಿ, ಕುಕ್ಕರಿನಲ್ಲಿ ನೀರು ಹಾಕಿ ವಿಷಲ್ ಇಡದೆ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಚಾಕು ಚುಚ್ಚಿದರೆ ಅಂಟದೆ ಬರಬೇಕು. ತಣ್ಣಗಾದ ಮೇಲೆ ಫ್ರಿಜ್‌ನಲ್ಲಿಟ್ಟು ಮರುದಿನ ತಟ್ಟೆಗೆ ಕವುಚಿ. ಪ್ಲಮ್ ಕೇಕ್ ಹಾಕಿದರೆ ಹಣ್ಣುಗಳೆಲ್ಲ ತಳಕ್ಕೆ ಇಳಿಯುತ್ತವೆ. ರುಚಿಗೆ ತೊಂದರೆ ಇಲ್ಲ, ನೋಡಲು ಅಷ್ಟು ಚೆಂದ ಇರುವುದಿಲ್ಲ.

ರಮ್‌ನಲ್ಲಿ ನೆನೆಸಿದ ಒಣಹಣ್ಣು ಮಿಕ್ಕಿದ್ದರೆ ಒಣಗಿದ ಗಾಜಿನ ಬಾಟಲಿಗೆ ಹಾಕಿ, ಹಣ್ಣು ಮುಳುಗುವಷ್ಟು ರಮ್ ಸುರಿದು ಕತ್ತಲ ಕಪಾಟಿನಲ್ಲಿಡಿ. ಈಸ್ಟರ್‌ಗೆ ಬೇಕಾಗುತ್ತದೆ. ಕಿತ್ತಳೆ ರಸದಲ್ಲಿ ನೆನೆಸಿದ್ದಾದರೆ ಹಾಗೆ ಇಡುವಂತಿಲ್ಲ. ಅದು ಫ್ರೀಜರ್‌ಗೆ ಹೋಗಲಿ.

4. ಗಲ್ಫ್ ಪೆಟ್ಟಿಗೆ ಕಟ್ಟುವಾಗ

ರಜೆ ಮುಗಿಸಿ ಹೊರಟವರ ಕೈಯಲ್ಲಿ ಕುಸ್ವಾರ್ ಕಳಿಸುವುದು ನಮ್ಮ ಕಡೆಯ ರೂಢಿ. ಇಲ್ಲಿ ಎರಡು ವಿಷಯ ಗಮನವಿಟ್ಟು ನೋಡಿ. ನೆವ್ರಿಯ ಹೂರಣಕ್ಕೆ ಗಸಗಸೆ ಹಾಕಿದ್ದೀರಾ? ಯುಎಇ, ಸೌದಿ ಅರೇಬಿಯಾದಂಥ ದೇಶಗಳಲ್ಲಿ ಗಸಗಸೆಗೆ ನಿಷೇಧವಿದೆ. ಅದು ಅಫೀಮಿನ ಗಿಡದ ಬೀಜ. ನಮಗೆ ಅಡುಗೆ ಸಾಮಾನು, ಅಲ್ಲಿನ ಕಸ್ಟಮ್ಸ್‌ನವರಿಗೆ ಬೇರೆಯೇ ವಸ್ತು. ಹಾಗೆಯೇ ಕುವೈತ್ ಮತ್ತು ಸೌದಿಗೆ ಮದ್ಯ ಒಯ್ಯುವಂತಿಲ್ಲ, ಆದ್ದರಿಂದ ರಮ್ ಕೇಕ್ ಮನೆಯಲ್ಲೇ ಉಳಿಯಲಿ. ಅಮ್ಮಂದಿರು "ಒಂದು ತುಂಡು ಅಲ್ವಾ, ಬಟ್ಟೆಯೊಳಗೆ ಇಡು ಮಗಾ" ಅನ್ನುತ್ತಾರೆ. ಇಡಬೇಡಿ. ಕೆಲಸ ಮಾಡುವ ದೇಶದಲ್ಲಿ ಮಗ ಸಿಕ್ಕಿಬೀಳುವುದು ಯಾರಿಗೂ ಬೇಡ.

ಕಿಡಿಯೊ, ತುಕ್ಡಿ, ಪೆರಾದ್ ಎಷ್ಟು ದೂರ ಹೋದರೂ ಸರಿ. ರೋಸ್ ಕುಕೀಸ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ತಲುಪುವಾಗ ಪುಡಿಯಾಗಿರುತ್ತವೆ. ಗಟ್ಟಿ ಡಬ್ಬದಲ್ಲಿ ಒಂದರ ಮೇಲೊಂದು ಜೋಡಿಸಿ, ಖಾಲಿ ಜಾಗಕ್ಕೆ ಟಿಶ್ಯೂ ತುರುಕಿ.

5. ಸ್ನೇಹಿತರನ್ನು ಚಹಾಕ್ಕೆ ಕರೆಯಿರಿ

ಹಬ್ಬದ ದಿನ ಬಾಗಿಲಿಗೆ ಬಂದು ತಟ್ಟೆ ಕೊಟ್ಟು ಓಡಿದವರೇ ಹೆಚ್ಚು. ಕೂತು ಮಾತಾಡಿದವರು ಕಡಿಮೆ. ಹಾಗಾಗಿ ಮೂರು ರಾಜರ ಹಬ್ಬದ ಆಸುಪಾಸಿನ ಒಂದು ಸಂಜೆ ಅವರನ್ನು ಕರೆಯಿರಿ. ಷರತ್ತು ಒಂದೇ: ಹೊಸದಾಗಿ ಏನೂ ಮಾಡಿ ತರಬಾರದು, ಮನೆಯಲ್ಲಿ ಉಳಿದದ್ದನ್ನೇ ತರಬೇಕು. ನೀವೂ ಇಡ್ಲಿಯಂಥ ಸಾನ್ನಾಂ, ಪೋರ್ಕ್ ಮಾಡಲು ಹೊರಡಬೇಡಿ. ಪುಡಿಂಗ್, ಚಹಾ, ಖಾರಕ್ಕೆ ಚಕ್ಕುಲಿ ಸಾಕು. ಸಿಹಿ ತಿಂದು ತಿಂದು ಬಾಯಿ ಕಟ್ಟಿದವರಿಗೆ ಆ ಚಕ್ಕುಲಿಯೇ ದೊಡ್ಡದು. ಹೋಗುವಾಗ ಅವರವರ ಡಬ್ಬ, ತಟ್ಟೆ ಅವರಿಗೇ ವಾಪಸ್ ಕೊಡಿ. ಈ ನೆಪದಲ್ಲಾದರೂ ಪಾತ್ರೆಗಳು ಸರಿಯಾದ ಮನೆ ಸೇರುತ್ತವೆ.

6. ಎಣ್ಣೆ ಮತ್ತು ಅಚ್ಚು

ಕರಿದ ಎಣ್ಣೆಯ ಬಗ್ಗೆ ಜಿಪುಣತನ ಬೇಡ. ಹೋಟೆಲುಗಳಲ್ಲಿ ಎಣ್ಣೆಯ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಒಡೆದು ಹೆಚ್ಚುವ ಅಂಶ) ಶೇ 25 ದಾಟಿದರೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯಲು ಸಾಧನವಿಲ್ಲ. ಕಣ್ಣಿಗೆ ಕಾಣುವುದನ್ನೇ ನೋಡಿ. ಎಣ್ಣೆ ಕಪ್ಪಾಗಿದೆ, ಮಂದವಾಗಿದೆ, ಕಾಯಿಸಿದರೆ ನೊರೆ ಬರುತ್ತದೆ, ಬೇಗ ಹೊಗೆಯಾಡುತ್ತದೆ ಅಂದರೆ ಅದರ ಕಥೆ ಮುಗಿಯಿತು. ಸಿಂಕಿಗೆ ಸುರಿದರೆ ಪೈಪ್ ಕಟ್ಟುತ್ತದೆ. ಹಳೆ ಬಾಟಲಿಗೆ ತುಂಬಿ ಮುಚ್ಚಿ ಕಸಕ್ಕೆ ಕೊಡಿ.

ರೋಸ್ ಕುಕೀಸ್ ಅಚ್ಚನ್ನು ಸೋಪು ಹಾಕಿ ಉಜ್ಜಬೇಡಿ. ಎಣ್ಣೆ ಕುಡಿದ ಅಚ್ಚಿನಿಂದ ಮಾತ್ರ ಹಿಟ್ಟು ಸಲೀಸಾಗಿ ಬಿಡುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಪೇಪರಿನಲ್ಲಿ ಸುತ್ತಿಡಿ. ಕಿಡಿಯೊ ಒತ್ತುವ ಬಾಚಣಿಗೆಯ ಹಲ್ಲುಗಳ ನಡುವೆ ಒಣಗಿದ ಹಿಟ್ಟು ಕೂತಿರುತ್ತದೆ. ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಜಿರಳೆಗೆ ಹಬ್ಬ.

7. ಗೋದಲಿ, ನಕ್ಷತ್ರ ಇಳಿಸುವುದು

ಮೂರು ರಾಜರು ಗೋದಲಿಗೆ ಬಂದ ಮೇಲೆ ಒಂದೆರಡು ದಿನ ಇರಲಿ, ದೀಕ್ಷಾಸ್ನಾನದ ಹಬ್ಬಕ್ಕೆ ತೆಗೆಯಿರಿ. ಮಣ್ಣಿನ ಬೊಂಬೆಗಳಿಗೆ ಒದ್ದೆ ಬಟ್ಟೆ ತಾಗಿಸಬೇಡಿ, ಬಣ್ಣ ಏಳುತ್ತದೆ. ಒಣ ಬ್ರಷ್‌ನಿಂದ ಧೂಳು ಕೊಡವಿ, ಮೊದಲು ಬಿಳಿ ಕಾಗದ, ಆಮೇಲೆ ಪೇಪರ್ ಸುತ್ತಿ. ನೇರ ಪೇಪರ್ ಸುತ್ತಿದರೆ ಶಾಯಿ ಅಂಟೀತು. ಹುಲ್ಲು, ಪಾಚಿ, ಮೊಳಕೆ ಬರಿಸಿದ ಪೈರು ಗಿಡದ ಬುಡಕ್ಕೆ ಹಾಕಿ. ಮುಂದಿನ ವರ್ಷಕ್ಕೆಂದು ಪಾಚಿ ಎತ್ತಿಟ್ಟರೆ ಮಳೆಗಾಲದಲ್ಲಿ ಇಡೀ ಪೆಟ್ಟಿಗೆಗೆ ಬೂಸಲು ಹಿಡಿಯುತ್ತದೆ. ದೀಪದ ಸರವನ್ನು ರಟ್ಟಿನ ತುಂಡಿಗೆ ಸುತ್ತಿ, ಉರಿಯದ ಸರಕ್ಕೆ ಈಗಲೇ ಚೀಟಿ ಅಂಟಿಸಿ.

8. ಲೆಕ್ಕ ಬರೆದಿಡಿ

ಇದು ಐದು ನಿಮಿಷದ ಕೆಲಸ. ಯಾವ ತಿಂಡಿ ಎಷ್ಟು ಕಿಲೋ ಮಾಡಿದಿರಿ, ಯಾವುದು ಮೊದಲು ಖಾಲಿಯಾಯಿತು, ಯಾವುದನ್ನು ಎಸೆದಿರಿ, ಎಷ್ಟು ಮನೆಗೆ ತಟ್ಟೆ ಹೋಯಿತು ಅಂತ ಬರೆಯಿರಿ. ಎಸೆದದ್ದರ ಪಕ್ಕ ಮುಂದಿನ ಸಲದ ಅಳತೆಯನ್ನು ಅರ್ಧ ಮಾಡಿ ಬರೆಯಿರಿ. ಚೀಟಿಯನ್ನು ರೋಸ್ ಕುಕೀಸ್ ಅಚ್ಚಿನ ಜೊತೆಗೇ ಇಡಿ. ಡಿಸೆಂಬರಿನಲ್ಲಿ ಮೊದಲು ಹುಡುಕುವುದು ಅದನ್ನೇ. ಜನವರಿ ಕೊನೆಗೆ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆ, ಅದಾದ ಮೇಲೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಅನೇಕರು ಆಗ ಸಿಹಿ ಬಿಡುತ್ತಾರೆ. ಕಿಡಿಯೊ ಡಬ್ಬ ಅಷ್ಟರೊಳಗೆ ಖಾಲಿಯಾಗದಿದ್ದರೆ ಆಫೀಸಿಗೆ ಒಯ್ದು ಎಲ್ಲರ ಮಧ್ಯೆ ಇಟ್ಟುಬಿಡಿ, ಮಧ್ಯಾಹ್ನದೊಳಗೆ ಮುಗಿದಿರುತ್ತದೆ.